ಕೊನೆಯ ಕಿವಿ ಯಾರದ್ದು?

ನನ್ನ ವಾಟ್ಸಾಪಿಗೆ ಬರೋ ಹೊಸ ಹಾಡುಗಳಲ್ಲಿ ಅರ್ಧಕ್ಕರ್ಧ ಯಾವುದೋ ಬೆಡ್‌ರೂಮಿನಲ್ಲಿ ಹುಟ್ಟಿದಂಥವು. ಹಗಲು ಕೋಡ್ ಬರೆಯೋರು ರಾತ್ರಿ ಗಿಟಾರ್ ಹಿಡೀತಾರೆ. ಒಂದು ಲ್ಯಾಪ್‌ಟಾಪು, ಒಂದು ಆಡಿಯೊ ಇಂಟರ್‌ಫೇಸು, ಒಂದು ಮೈಕು ಇದ್ದರೆ ರೆಕಾರ್ಡಿಂಗ್ ಆಯ್ತು. ಮಿಕ್ಸಿಂಗೂ ಹೇಗೋ ಆಗುತ್ತೆ. ಜಗಳ ಶುರುವಾಗೋದು ಆಮೇಲೆ. ಮಾಸ್ಟರಿಂಗ್ ನಾವೇ ಮಾಡ್ಕೊಳ್ಳೋಣವಾ, ದುಡ್ಡು ಕೊಟ್ಟು ಮಾಡಿಸೋಣವಾ?

ಮೊದಲು ಪದ ಸ್ಪಷ್ಟ ಮಾಡಿಕೊಳ್ಳೋಣ. ಹಾಡಿನೊಳಗಿನ ದನಿ, ಡ್ರಮ್ಮು, ಗಿಟಾರುಗಳನ್ನ ಒಂದಕ್ಕೊಂದು ಹೊಂದಿಸೋದು ಮಿಕ್ಸಿಂಗ್. ಹಾಗೆ ಹೊಂದಿಸಿ ಮುಗಿಸಿದ ಎರಡು ಚಾನೆಲ್ಲಿನ ಫೈಲನ್ನ ಹೊರಲೋಕಕ್ಕೆ ಸಿದ್ಧ ಮಾಡೋದು ಮಾಸ್ಟರಿಂಗ್. ಒಟ್ಟಾರೆ ನಾದದ ತೂಕ, ಒಂದು ಹಾಡಿಂದ ಇನ್ನೊಂದಕ್ಕೆ ದನಿಯ ಮಟ್ಟ, ನಡುವಿನ ಮೌನ ಎಷ್ಟು ಸೆಕೆಂಡು, ಇಂಥವು. ಮದುವೆಮನೆ ಬಾಗಿಲಲ್ಲಿ ನಿಂತು ಸೆರಗು ಸರಿಮಾಡೋ ಅತ್ತಿಗೆಯ ಕೆಲಸ ಅದು. ಅಷ್ಟೊತ್ತಿಗೆ ಬೇರೆ ಸೀರೆ ಉಡಿಸೋಕಾಗಲ್ಲ.

‘ಎಲ್ಲಾ ಮನೇಲೇ ಆಗುತ್ತೆ’ ಅನ್ನೋ ಪಕ್ಷದವರು ಸಾಮಾನ್ಯವಾಗಿ ಎತ್ತೋ ಹೆಸರು ಬ್ರೂಸ್ ಸ್ಪ್ರಿಂಗ್‌ಸ್ಟೀನರ ‘ನೆಬ್ರಾಸ್ಕ’. 1982ರಲ್ಲಿ ನ್ಯೂಜೆರ್ಸಿಯ ಮನೆಯಲ್ಲಿ ಕೂತು, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ, ಎರಡು ಮೈಕ್ ಇಟ್ಟುಕೊಂಡು ಮಾಡಿದ ಡೆಮೊ. ಬ್ಯಾಂಡಿನ ಜತೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ನೋಡಿದರು, ಆ ಒಂಟಿತನ ಬರಲಿಲ್ಲ. ಕೊನೆಗೆ ಕ್ಯಾಸೆಟ್ಟನ್ನೇ ಆಲ್ಬಮ್ ಮಾಡಿದರು. ಈ ಕಥೆ ಹೇಳೋರು ಇಲ್ಲಿಗೆ ನಿಲ್ಲಿಸಿಬಿಡ್ತಾರೆ. ಆ ಕ್ಯಾಸೆಟ್ಟನ್ನ ಎಲ್‌ಪಿ ತಟ್ಟೆಗೆ ಇಳಿಸೋದೇ ದೊಡ್ಡ ತಲೆನೋವಾಯ್ತು. ಒಬ್ಬರಾದ ಮೇಲೆ ಒಬ್ಬರು ಅನುಭವಸ್ಥ ಮಾಸ್ಟರಿಂಗ್ ಇಂಜಿನಿಯರುಗಳು ಕೈಹಾಕಿ, ಪ್ರಯತ್ನದ ಮೇಲೆ ಪ್ರಯತ್ನ ಆಗಿ, ಆಮೇಲೆ ಅದು ಕೇಳೋ ಹಾಗೆ ಕೂತಿತು. ಮನೆಯಲ್ಲಿ ರೆಕಾರ್ಡ್ ಆಗಿದ್ದು ನಿಜ, ಮಾಸ್ಟರ್ ಆಗಿದ್ದು ಮನೆಯಲ್ಲಲ್ಲ.

ಬಿಲಿ ಐಲಿಶ್ ವಿಷಯದಲ್ಲೂ ಇದೇ ಅರ್ಧ ಸತ್ಯ. 2019ರ ಮೊದಲ ಆಲ್ಬಮನ್ನ ಅಣ್ಣ ಫಿನಿಯಾಸ್ ಜತೆ ಮನೆಯ ಬೆಡ್‌ರೂಮಿನಲ್ಲಿ ಕಟ್ಟಿದ್ದು ಹೌದು. ಆದರೆ ಮಿಕ್ಸ್ ಮಾಡಿದ್ದು ರಾಬ್ ಕಿನೆಲ್ಸ್ಕಿ, ಮಾಸ್ಟರ್ ಮಾಡಿದ್ದು ಜಾನ್ ಗ್ರೀನ್‌ಹ್ಯಾಮ್. ಧ್ವನಿಮುದ್ರಣದ ಗುಣಮಟ್ಟಕ್ಕೆ ಸಿಕ್ಕ ಗ್ರ್ಯಾಮಿಯಲ್ಲಿ ಮೂವರ ಹೆಸರೂ ಇದೆ. ಆಲ್ಬಮ್ ಕೇಳಿ ನೋಡಿ. ಪಿಸುಮಾತು ಕಿವಿಯ ಪಕ್ಕದಲ್ಲೇ ಇರುತ್ತೆ, ಅದರ ಕೆಳಗೇ ಬೇಸ್ ಗುಡುಗುತ್ತೆ, ಒಂದು ಇನ್ನೊಂದನ್ನ ನುಂಗಲ್ಲ. ಆ ಜಾಗ ತಾನಾಗೇ ಆಗಿದ್ದಲ್ಲ.

ಹಾಗಂತ ‘ಪ್ರೊಫೆಷನಲ್ ಹತ್ರ ಕೊಟ್ಟರೆ ಮುಗೀತು’ ಅನ್ನೋ ಪಕ್ಷಕ್ಕೆ ಓಟು ಹಾಕಬೇಡಿ. ಅವರಿಗೆ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಕೇಳಿಸಬೇಕು. 2008ರ ಈ ಆಲ್ಬಮ್ಮಿಗೆ ದುಡ್ಡಿನ ಕೊರತೆ ಇರಲಿಲ್ಲ, ಹೆಸರಾಂತ ಜನರ ಕೊರತೆಯೂ ಇರಲಿಲ್ಲ. ಆದರೂ ಡ್ರಮ್ಮಿನ ಪ್ರತಿ ಏಟೂ ಹರಕು ಸ್ಪೀಕರಿನಲ್ಲಿ ಬಂದ ಹಾಗೆ ಪರಪರ ಅನ್ನುತ್ತೆ. ಅದೇ ಹಾಡುಗಳು ‘ಗಿಟಾರ್ ಹೀರೋ’ ವಿಡಿಯೋ ಗೇಮಿನಲ್ಲಿ ಇಷ್ಟು ಹಿಂಡಿಸಿಕೊಳ್ಳದೆ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ ಗಲಾಟೆ ಎಬ್ಬಿಸಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಹೇಳಿದ್ದೇನು ಅಂದರೆ, ತಮ್ಮ ಕೈಗೆ ಬರೋ ಮೊದಲೇ ಮಿಕ್ಸುಗಳು ಹಾಗೆ ಹಿಂಡಿಹೋಗಿದ್ದವು ಅಂತ. ಹಳಸಿದ ಅನ್ನಕ್ಕೆ ಎಂಥ ಒಗ್ಗರಣೆ ಹಾಕಿದರೂ ಚಿತ್ರಾನ್ನ ಆಗಲ್ಲ.

ನಮ್ಮ ಮನೆಗಳ ನಿಜವಾದ ಸಮಸ್ಯೆ ಸಾಫ್ಟ್‌ವೇರ್ ಅಲ್ಲ, ಗೋಡೆ. ನಿಮ್ಮ ಬಾಡಿಗೆ ರೂಮು ಹತ್ತು ಅಡಿ ಅಗಲ ಇದೆ ಅಂದ್ಕೊಳ್ಳಿ. ಆ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಕಂಪನ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತೆ. ಬೇಸ್ ಗಿಟಾರಿನ ‘ಎ’ ತಂತಿ ಇರೋದು 55 ಹರ್ಟ್ಸ್‌ನಲ್ಲಿ! ರೂಮಿನ ನಟ್ಟನಡುವೆ ಕೂತರೆ ಆ ಸ್ವರ ಕ್ಷೀಣವಾಗಿ ಕೇಳುತ್ತೆ, ಗೋಡೆಗೆ ಒರಗಿದರೆ ಊದಿಕೊಂಡು ಕೇಳುತ್ತೆ. ನೀವು ನಡುವೆ ಕೂತು ‘ಬೇಸ್ ಸಾಲಲ್ಲ’ ಅಂತ ಏರಿಸ್ತೀರಿ. ಮಾರನೇ ದಿನ ಕ್ಯಾಬಿನಲ್ಲಿ ಹಾಕಿದರೆ ಡೋರೇ ಅದುರುತ್ತೆ. ಅದೇ ರೂಮಲ್ಲಿ ಮಿಕ್ಸ್ ಮಾಡಿ ಅಲ್ಲೇ ಮಾಸ್ಟರೂ ಮಾಡಿದರೆ, ಮೊದಲ ಸಲ ಕೇಳಿಸದ ತಪ್ಪು ಎರಡನೇ ಸಲವೂ ಕೇಳಿಸಲ್ಲ. ದುಡ್ಡು ಕೊಡೋದು ಮುಖ್ಯವಾಗಿ ಬೇರೆ ರೂಮಿಗೆ, ಬೇರೆ ಕಿವಿಗೆ.

ಇನ್ನು ಜೋರಿನ ಹುಚ್ಚು. ‘ನನ್ನ ಹಾಡು ಬೇರೆಯವರದ್ದಕ್ಕಿಂತ ಮೆತ್ತಗಿದೆ’ ಅನ್ನೋ ಆತಂಕಕ್ಕೆ ಲಿಮಿಟರ್ ಹಾಕಿ ಒತ್ತೋದು. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಿನಲ್ಲಿ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಲಫ್ಸ್ ಮಟ್ಟಕ್ಕೆ ತರುತ್ತೆ. ನೀವು ಮೈನಸ್ 8ಕ್ಕೆ ಒತ್ತಿ ಕಳಿಸಿದರೆ ಅದು 6 ಡೆಸಿಬೆಲ್ ಇಳಿಸಿ ನುಡಿಸುತ್ತೆ. ಜೋರು ಹೋಯ್ತು, ಜಜ್ಜಿದ್ದು ಉಳೀತು.

ಕನ್ನಡದಲ್ಲಿ ಹಾಡೋರಿಗೆ ಇದರಲ್ಲಿ ಇನ್ನೊಂದು ನಷ್ಟ ಇದೆ. ನಮ್ಮ ಒತ್ತಕ್ಷರದ ಜೀವ ಇರೋದು ಅದರ ನಡುವಿನ ಚೂರು ಮೌನದಲ್ಲಿ. ‘ಅಪ್ಪ’, ‘ಹಕ್ಕಿ’ ಅಂತ ಹೇಳಿ ನೋಡಿ, ತುಟಿಯೋ ನಾಲಿಗೆಯೋ ಒಂದು ಗಳಿಗೆ ಮುಚ್ಚಿಕೊಳ್ಳುತ್ತೆ. ಅತಿಯಾಗಿ ಒತ್ತಿದ ಮಾಸ್ಟರಿನಲ್ಲಿ ರಿವರ್ಬಿನ ಬಾಲ, ಗಿಟಾರಿನ ಗುಂಯ್‌ಗುಡುವಿಕೆ ಮೇಲೆದ್ದು ಆ ಸಂದನ್ನ ತುಂಬಿಬಿಡುತ್ತವೆ. ಸಾಹಿತ್ಯ ಅರ್ಥವಾಗಲ್ಲ ಅಂತ ಕೇಳುಗರು ಗಾಯಕನ ಉಚ್ಚಾರವನ್ನ ಬೈತಾರೆ. ಪಾಪ, ಅವನು ಸರಿಯಾಗೇ ಹಾಡಿರ್ತಾನೆ.

ಹಾಗಾದರೆ ಫೈಲ್ ಅಪ್‌ಲೋಡ್ ಮಾಡಿದರೆ ನಿಮಿಷಗಳಲ್ಲಿ ಮಾಸ್ಟರ್ ಮಾಡಿಕೊಡೋ ಆನ್‌ಲೈನ್ ಸೇವೆಗಳು? ಕೆಲವು ಸಲ ಫಲಿತಾಂಶ ಚೆನ್ನಾಗೇ ಇರುತ್ತೆ. ಆದರೆ ಅವು ಫೋನ್ ಮಾಡಿ ‘ದನಿ ಒಳಗೆ ಹೋಗಿದೆ ಕಣ್ರೀ, ಮಿಕ್ಸ್ ಸರಿಮಾಡಿ ಕಳಿಸಿ’ ಅನ್ನಲ್ಲ. ಒಳ್ಳೆ ಇಂಜಿನಿಯರಿಂದ ಸಿಗೋ ಬೆಲೆಬಾಳುವ ಸೇವೆ ಆ ಒಂದು ವಾಪಸಾತಿ. ಎಂಥ ಮಿಕ್ಸ್ ಕಳಿಸಿದರೂ ‘ಸೂಪರ್ ಬ್ರೋ’ ಅಂತ ತಗೊಳ್ಳೋರಿಗೆ ದುಡ್ಡು ಕೊಡೋದೂ ಒಂದೇ, ಆ್ಯಪಿಗೆ ಕೊಡೋದೂ ಒಂದೇ.

ನನ್ನ ತೀರ್ಪು ಇಷ್ಟು. ಡೆಮೊ, ರೀಲ್ಸಿಗೆ ಹಾಕೋ ಹಾಡು, ತಿಂಗಳಿಗೊಂದರಂತೆ ಬಿಡೋ ಸಿಂಗಲ್ಲು: ಮನೆಯಲ್ಲೇ ಮಾಡಿ, ಕಿವಿ ಪಳಗುತ್ತೆ. ಐದಾರು ಹಾಡು ಒಟ್ಟಿಗೆ ಕೂರಬೇಕಾದ ಇಪಿ, ಆಲ್ಬಮ್, ಅದರಲ್ಲೂ ಎಲ್‌ಪಿ ಒತ್ತಿಸೋದಿದ್ದರೆ: ಹೊರಗೆ ಕೊಡಿ. ಜೇಬಲ್ಲಿ ಒಂದಕ್ಕೇ ದುಡ್ಡಿದ್ದರೆ ಮಾಸ್ಟರಿಂಗ್ ಬಿಟ್ಟು ಮಿಕ್ಸಿಂಗಿಗೆ ಖರ್ಚು ಮಾಡಿ, ಕೇಳುಗನಿಗೆ ವ್ಯತ್ಯಾಸ ಗೊತ್ತಾಗೋದು ಅಲ್ಲಿ. ಎರಡಕ್ಕೂ ಇಲ್ಲವಾ? ಲಿಮಿಟರ್ ಮುಟ್ಟದೆ ಎರಡು ವಾರ ಹಾಡನ್ನ ಪಕ್ಕಕ್ಕಿಡಿ. ಆಮೇಲೆ ಗೆಳೆಯರ ಮನೆಗೆ ಒಯ್ದು, ಅವರ ಸ್ಪೀಕರಿನಲ್ಲಿ ಹಾಕಿ, ನೀವು ಬಾಯಿ ಮುಚ್ಚಿಕೊಂಡು ಅವರ ಮುಖ ನೋಡ್ತಾ ಕೂತ್ಕೊಳ್ಳಿ. ಯಾವ ಸಾಲಿನಲ್ಲಿ ಅವರು ಫೋನ್ ಕೈಗೆತ್ತಿಕೊಂಡರು ಅಂತ ಬರೆದಿಟ್ಟುಕೊಂಡು ಮನೆಗೆ ಬನ್ನಿ, ಕೆಲಸ ಅಲ್ಲಿಂದ ಶುರು ಮಾಡಿ.