ಜಪಾನಿನ ಅನಿಮೆ ಮತ್ತು ಹಿಂಸೆಯ ಪ್ರಶ್ನೆ

ಚಿತ್ರಗಳಿಗೆ ಚಲನೆಯನ್ನಿತ್ತು ಕಥೆ ಹೇಳುವ ಜಪಾನೀ ಚಲನಚಿತ್ರ ಮತ್ತು ಧಾರಾವಾಹಿಗಳಿಗೆ ‘ಅನಿಮೆ’ ಎಂದು ಹೆಸರು. ‘ಡೋರೆಮಾನ್’, ‘ಶಿನ್-ಚಾನ್’ಗಳ ರೂಪದಲ್ಲಿ ಅದು ಹಿಂದಿ ಮಾತನಾಡುತ್ತ, ಆಳಂದ ತಾಲೂಕಿನ ನರೋಣಾದಂತಹ ಊರುಗಳ ಮನೆಗಳಿಗೂ ಟಿ.ವಿ.ಯ ಮೂಲಕ ಬಂದಿದೆ. ಮಕ್ಕಳು ಮೆಚ್ಚುತ್ತಾರೆ, ಹಿರಿಯರು ಶಂಕಿಸುತ್ತಾರೆ. ಈ ಶಂಕೆಯ ಮೂಲದಲ್ಲಿ ಚಿತ್ರ ಬರೆದು ಮಾಡಿದುದೆಲ್ಲವೂ ಮಕ್ಕಳಿಗಾಗಿಯೇ ಎಂಬ ತಪ್ಪು ತಿಳಿವಳಿಕೆಯಿದೆ.

ಜಪಾನಿನಲ್ಲಿ ಬಾಲಕರಿಗೆ, ಬಾಲಕಿಯರಿಗೆ, ಪ್ರೌಢರಿಗೆ ಬೇರೆ ಬೇರೆ ಚಿತ್ರಕಥಾ ಪತ್ರಿಕೆಗಳಿವೆ. ಅನೇಕ ಅನಿಮೆಗಳು ಇವುಗಳಿಂದಲೇ ಹುಟ್ಟಿದವು. ‘ಶಿನ್-ಚಾನ್’ 1990ರಲ್ಲಿ ಮೊದಲು ಪ್ರಕಟವಾದುದು ವಯಸ್ಕರ ಪತ್ರಿಕೆಯಲ್ಲಿ. ಭಾರತದಲ್ಲಿ ಅದು ಮಕ್ಕಳ ವಾಹಿನಿಯಲ್ಲಿ ಪ್ರಸಾರವಾಯಿತು. ಆಕ್ಷೇಪಗಳ ಫಲವಾಗಿ 2008ರಲ್ಲಿ ನಿಂತು, ಕತ್ತರಿಯಾಡಿದ ಬಳಿಕ ಮರಳಿತು. ಆದುದರಿಂದ ಹೊಸ ಪ್ರೇಕ್ಷಕನು ಮೊದಲು ಕೇಳಬೇಕಾದ ಪ್ರಶ್ನೆ: ಈ ಕೃತಿ ಯಾರಿಗಾಗಿ?

ಎರಡನೆಯ ಪ್ರಶ್ನೆ ನೀತಿಗೆ ಸಂಬಂಧಿಸಿದ್ದು: ಪೆಟ್ಟು ಬಿದ್ದ ಮೇಲೆ ಏನಾಯಿತು?

ಇದಕ್ಕೆ ಹಯಾವೊ ಮಿಯಜಾಕಿಯವರ ‘ಪ್ರಿನ್ಸೆಸ್ ಮೊನೊನೊಕೆ’ (1997) ಉತ್ತಮ ನಿದರ್ಶನ. ದೇಹದಲ್ಲಿ ಕಬ್ಬಿಣದ ಗುಂಡು ನಾಟಿ, ನೋವು ದ್ವೇಷಗಳಿಂದ ರಾಕ್ಷಸರೂಪ ತಾಳಿದ ವರಾಹದೇವತೆಯೊಂದು ಹಳ್ಳಿಯತ್ತ ನುಗ್ಗುತ್ತದೆ. ಅಶಿತಾಕ ಎಂಬ ತರುಣ ಅದನ್ನು ಬಾಣದಿಂದ ಕೊಲ್ಲುತ್ತಾನೆ. ಊರು ಉಳಿಯುತ್ತದೆ, ಆದರೆ ಅವನ ತೋಳಿಗೆ ಶಾಪದ ಕಲೆ ಅಂಟುತ್ತದೆ. ಆ ಕಲೆ ತೋಳಿಗೆ ಅಮಾನುಷ ಬಲವನ್ನು ಕೊಡುತ್ತದೆ. ಜೊತೆಗೇ ಅವನನ್ನು ಸಾವಿನೆಡೆಗೆ ಒಯ್ಯುತ್ತದೆ. ಗುಂಡಿನ ಮೂಲವನ್ನು ಅರಸಿ ಹೊರಟವನಿಗೆ ಎದುರಾಗುವವಳು ಎಬೋಶಿ. ಕಬ್ಬಿಣಕ್ಕಾಗಿ ಕಾಡನ್ನು ಕಡಿಯುವವಳು ಅವಳೇ; ಕುಷ್ಠರೋಗಿಗಳಿಗೂ ವೇಶ್ಯಾಗೃಹಗಳಿಂದ ಬಿಡಿಸಿ ತಂದ ಹೆಂಗಸರಿಗೂ ಆಶ್ರಯ ಕೊಟ್ಟವಳೂ ಅವಳೇ. ಅವಳನ್ನು ದುಷ್ಟಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ಚಿತ್ರ ಅವಕಾಶ ಕೊಡುವುದಿಲ್ಲ.

ಕನ್ನಡದ ಓದುಗನಿಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ ನೆನಪಾಗುವುದು ಸಹಜ. ಯಶೋಧರನು ಬಲಿಯಿತ್ತುದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲ ಜನ್ಮಜನ್ಮಾಂತರಕ್ಕೆ ಬೆನ್ನು ಹತ್ತಿತು. ಅಶಿತಾಕನದು ಇದಕ್ಕೆ ವಿಪರೀತವಾದ ಸ್ಥಿತಿ. ಅವನಲ್ಲಿ ಕೊಲ್ಲುವ ಹಂಬಲವಿಲ್ಲ. ಊರನ್ನು ಕಾಯಲು ಅನಿವಾರ್ಯವಾಗಿ ಮಾಡಿದ ವಿರೋಧಿಹಿಂಸೆ ಅದು. ಗೃಹಸ್ಥನಿಗೆ ಅದು ಕ್ಷಮ್ಯವಿರಬಹುದು, ಆದರೆ ನಿಷ್ಫಲವಲ್ಲ ಎಂಬುದನ್ನು ಚಿತ್ರ ತೋಳಿನ ಮೇಲೆಯೇ ಬರೆದು ತೋರಿಸುತ್ತದೆ. ಕೊನೆಯಲ್ಲಿ ಶಾಪ ಕಳೆದರೂ ಗುರುತು ಪೂರ್ತಿ ಅಳಿಯುವುದಿಲ್ಲ.

ಆಕ್ಷೇಪಕ್ಕೂ ಇಲ್ಲಿ ಆಸ್ಪದವಿದೆ. ಶಾಪಗ್ರಸ್ತ ತೋಳಿನ ಬಾಣಕ್ಕೆ ಸೈನಿಕರ ಅಂಗಗಳು ತುಂಡಾಗುವ ದೃಶ್ಯಗಳು ನೋಡುಗನನ್ನು ರೋಮಾಂಚನಗೊಳಿಸುತ್ತವೆ. ಖಂಡಿಸಬೇಕಾದುದನ್ನೇ ಚಿತ್ರ ಆಗ ಸೊಗಸಾಗಿ ತೋರಿದಂತಾಗುತ್ತದೆ. ಕಾಳಗವನ್ನೇ ನಂಬಿದ ಅನೇಕ ದೀರ್ಘ ಧಾರಾವಾಹಿಗಳಲ್ಲಿ ಈ ದೋಷ ಇನ್ನೂ ಪ್ರಬಲ. ಅಲ್ಲಿ ಪ್ರತಿ ಹೋರಾಟವೂ ನಾಯಕನ ಬಲವರ್ಧನೆಗೆ ಮೆಟ್ಟಿಲಾಗುತ್ತದೆ. ಬಿದ್ದವನ ನೋವು ಬೇಗನೆ ಮರೆತುಹೋಗುತ್ತದೆ.

ಅಭಿಮಾನಿಗಳ ಲೋಕವನ್ನೂ ಇದೇ ವಿವೇಕದಿಂದ ನೋಡಬೇಕು. 1975ರಲ್ಲಿ ಟೋಕಿಯೋದಲ್ಲಿ 32 ಗುಂಪುಗಳೊಡನೆ ಆರಂಭವಾದ ‘ಕಾಮಿಕ್ ಮಾರ್ಕೆಟ್’, ಅಭಿಮಾನಿಗಳು ತಾವೇ ಅಚ್ಚುಹಾಕಿಸಿದ ಪುಸ್ತಕಗಳನ್ನು ಮಾರುವ ಮಹಾಮೇಳವಾಗಿ ಬೆಳೆಯಿತು. ಪಾತ್ರಗಳ ವೇಷ ಧರಿಸುವ ಹವ್ಯಾಸ ಬೆಂಗಳೂರಿನ ಮೇಳಗಳಿಗೂ ಬಂದಿದೆ. ಅಮೆರಿಕದ ಅಭಿಮಾನಿಗಳು 1980-90ರ ದಶಕಗಳಲ್ಲಿ ಕ್ಯಾಸೆಟ್‌ಗಳಿಗೆ ತಾವೇ ಅನುವಾದದ ಸಾಲುಗಳನ್ನು ಸೇರಿಸಿ ಹಂಚಿದರು. ಅನುಮತಿಯಿಲ್ಲದ ಈ ಕೆಲಸ ಅಚೌರ್ಯದ ದೃಷ್ಟಿಯಿಂದ ನಿರ್ದೋಷವಲ್ಲ. ಆದರೂ ಅವರಲ್ಲಿ ಅನೇಕರು ಕ್ಯಾಸೆಟ್ಟಿನ ಖರ್ಚಿಗಿಂತ ಹೆಚ್ಚು ಪಡೆಯದೆ, ಅಧಿಕೃತ ಪ್ರತಿ ಬಂದೊಡನೆ ಹಂಚಿಕೆ ನಿಲ್ಲಿಸುವ ಕಟ್ಟುಪಾಡನ್ನು ತಾವೇ ಹಾಕಿಕೊಂಡಿದ್ದರು. ಪ್ರೀತಿಗೂ ಮಿತಿಯಿರಬೇಕೆಂಬ ಅರಿವು ಅಲ್ಲಿತ್ತು.

ಮನೆಯ ಹಿರಿಯರು ಟಿ.ವಿ. ಆರಿಸುವ ಮೊದಲು ಬೆಳೆದ ಮಕ್ಕಳೊಡನೆ ಕುಳಿತು ಇಂತಹ ಒಂದು ಚಿತ್ರವನ್ನಾದರೂ ಪೂರ್ತಿ ನೋಡಲಿ. ಮೇಲಿನ ಎರಡು ಪ್ರಶ್ನೆಗಳನ್ನು ಮಕ್ಕಳೇ ಕೇಳತೊಡಗಿದರೆ, ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವರೇ ತಿಳಿದುಕೊಳ್ಳುತ್ತಾರೆ.