ಮಾತ್ರೆ ನುಂಗಿದರೂ ಇಳಿಯದ ಬಿಪಿ

ಮೇಲಿನದು 150, ಕೆಳಗಿನದು 94. ವೈದ್ಯರು ಚೀಟಿ ನೋಡಿ, 'ಉಪ್ಪು ಕಡಿಮೆ ಮಾಡಿ, ಇದೇ ಮಾತ್ರೆ ಮುಂದುವರಿಸಿ' ಎನ್ನುತ್ತಾರೆ. ಮುಂದಿನ ತಿಂಗಳೂ ಅದೇ ಮಾತು, ಅದೇ ಡೋಸ್. ಚಿಕಿತ್ಸೆ ನಡೆಯುತ್ತಲೇ ಇರುತ್ತದೆ, ಬಿಪಿ ಮಾತ್ರ ಜಗ್ಗುವುದಿಲ್ಲ.

ಇದು ನಮ್ಮೂರಿನ ಕಥೆಯಷ್ಟೇ ಅಲ್ಲ. 2021ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಜಾಗತಿಕ ಅಧ್ಯಯನದ ಪ್ರಕಾರ, 2019ರಲ್ಲಿ ಅಧಿಕ ರಕ್ತದೊತ್ತಡವಿದ್ದ 30ರಿಂದ 79 ವಯಸ್ಸಿನ ಮಹಿಳೆಯರಲ್ಲಿ ಶೇ 47, ಪುರುಷರಲ್ಲಿ ಶೇ 38 ಮಂದಿ ಔಷಧ ತೆಗೆದುಕೊಳ್ಳುತ್ತಿದ್ದರು. 140/90ರ ಕೆಳಗೆ ಇಳಿದವರು ಶೇ 23 ಮತ್ತು ಶೇ 18. ಮಾತ್ರೆ ನುಂಗಿದವರಲ್ಲೂ ಅರ್ಧಕ್ಕರ್ಧ ಜನ ಗುರಿ ಮುಟ್ಟಲಿಲ್ಲ.

2017ರ ಕೊನೆಯಲ್ಲಿ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ (ಐಎಚ್‌ಸಿಐ) ಕೈಹಾಕಿದ್ದು ಇದೇ ಸಮಸ್ಯೆಗೆ. ಯಾವ ಔಷಧದಿಂದ ಆರಂಭ, ಇಳಿಯದಿದ್ದರೆ ಮುಂದೇನು ಎಂಬುದನ್ನು ರಾಜ್ಯಕ್ಕೊಂದು ಸರಳ ಪಟ್ಟಿಯಲ್ಲಿ ಬರೆದಿಟ್ಟರು: ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಕ್ಲೋರ್ಥಾಲಿಡೋನ್, ಎಲ್ಲವೂ ಅಗ್ಗದ ಮಾತ್ರೆಗಳೇ. ಆದರೆ ಇದರ ನಿಜವಾದ ಹೆಚ್ಚುಗಾರಿಕೆ ಇರುವುದು ಲೆಕ್ಕದ ಪುಸ್ತಕದಲ್ಲಿ. ಮೂರು ತಿಂಗಳಿಂದ ಮುಖ ತೋರಿಸದವರಿಗೆ ಅಲ್ಲಿ ಬೇರೆಯೇ ಕಲಂ ಇದೆ. ಅವರೂ ಒಟ್ಟು ಲೆಕ್ಕದೊಳಗೇ ಉಳಿಯುತ್ತಾರೆ. ಬಂದವರನ್ನಷ್ಟೇ ಎಣಿಸಿದರೆ ಯಾವ ಆಸ್ಪತ್ರೆಯ ಅಂಕಿಅಂಶವೂ ಥಳಥಳ ಹೊಳೆಯುತ್ತದೆ!

ಕೊರತೆಗಳೂ ಇವೆ. ಮೂರು ತಿಂಗಳ ಲೆಕ್ಕದ ಹಣೆಬರಹ ನಿಂತಿರುವುದು ಕೊನೆಯ ಭೇಟಿಯ ಅಳತೆಯ ಮೇಲೆ. ಬಸ್ಸಿಳಿದು ಬಿರಬಿರನೆ ಬಂದವರನ್ನು ಐದು ನಿಮಿಷ ಕೂರಿಸದೆ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿದರೆ ಆ ಅಂಕಿಯನ್ನು ನಂಬುವುದು ಹೇಗೆ? ಬೆಳಗಿನ ಒಪಿಡಿಗೆ ಬಂದರೆ ಅಂದಿನ ಕೂಲಿ ಹೋಯಿತು ಎನ್ನುವವರಿಗೆ ತಿಂಗಳಿಗೊಮ್ಮೆ ಬರುವುದೂ ದುಬಾರಿಯೇ.

ಈ ಉಪಕ್ರಮಕ್ಕಿಂತ ಮೊದಲೇ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಸಂಸ್ಥೆ ನಿಯಂತ್ರಣದ ಪ್ರಮಾಣವನ್ನು 2001ರ ಶೇ 44ರಿಂದ 2009ಕ್ಕೆ ಶೇ 80ಕ್ಕೆ ಏರಿಸಿತ್ತು. ಎರಡು ಔಷಧ ಸೇರಿದ ಒಂದೇ ಮಾತ್ರೆ, ಡೋಸ್ ಬದಲಿಸಿದ ಎರಡರಿಂದ ನಾಲ್ಕು ವಾರದಲ್ಲಿ ಸಹಾಯಕ ಸಿಬ್ಬಂದಿಯಿಂದ ಶುಲ್ಕವಿಲ್ಲದೆ ಮರುತಪಾಸಣೆ: ಗುಟ್ಟು ಇಷ್ಟೇ. ಅವರೆಲ್ಲ ವಿಮೆಯ ಸದಸ್ಯರು, ದಾಖಲೆ ಕಂಪ್ಯೂಟರಿನಲ್ಲಿತ್ತು ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಖಾಸಗಿ ಕ್ಲಿನಿಕ್‌ಗೆ ಹೋಗಿ, ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಳ್ಳುವವರು ಅಸಂಖ್ಯ. ಅವರಲ್ಲಿ ಯಾರು ನಡುವೆ ಬಿಟ್ಟರು, ಯಾರ ಡೋಸ್ ಏರಬೇಕಿತ್ತು ಎಂದು ಬರೆದಿಡುವ ಪುಸ್ತಕ ಹೆಚ್ಚಿನ ಕಡೆ ಇಲ್ಲ.