ಹೊಳೆಯುವ ಚುಕ್ಕೆಯ ಸಾಕ್ಷ್ಯ

ಕ್ಯಾನ್ಸರ್ ರೋಗದಲ್ಲಿ ಜೀನುಗಳಿಗೆ ಉಂಟಾಗುವ ವ್ಯತ್ಯಾಸಗಳನ್ನು ಹೊಳೆಯುವ ಡಿ.ಎನ್.ಎ. ತುಣುಕುಗಳಿಂದ ಕಂಡುಹಿಡಿಯುವ ವಿಧಾನಕ್ಕೆ ವಾಡಿಕೆಯಲ್ಲಿ ‘ಫಿಶ್’ ಪರೀಕ್ಷೆಯೆಂದು ಹೆಸರು. ಗುರುತಿಸಬೇಕಾದ ಜೀನಿಗೆ ಸರಿಹೊಂದುವ ತುಣುಕಿಗೆ ಬಣ್ಣವನ್ನು ಕೂಡಿಸುತ್ತಾರೆ. ಗಾಜಿನ ಪಟ್ಟಿಯ ಮೇಲಿನ ಕೋಶಗಳನ್ನು ಕಾಯಿಸಿ ಅವುಗಳ ಡಿ.ಎನ್.ಎ. ಎಳೆಗಳನ್ನು ಬಿಡಿಸುತ್ತಾರೆ. ತುಣುಕು ತನ್ನ ಜೊತೆಯನ್ನು ಹುಡುಕಿ ಅಂಟಿಕೊಂಡು ಸೂಕ್ಷ್ಮದರ್ಶಕದಡಿ ಚುಕ್ಕೆಯಾಗಿ ಹೊಳೆಯುತ್ತದೆ. 1969ರಲ್ಲಿ ಗಾಲ್ ಮತ್ತು ಪಾರ್ಡ್ಯೂ ಅವರು ವಿಕಿರಣಶೀಲ ತುಣುಕುಗಳಿಂದ ಸಾಧಿಸಿದುದನ್ನು ಮುಂದಿನವರು ಬಣ್ಣಗಳಿಂದ ಸಾಧಿಸಿದರು. ವಿಧಾನದ ಉಪಯುಕ್ತತೆ ನಿರ್ವಿವಾದವಾದುದು. ನಮ್ಮ ಆಕ್ಷೇಪವಿರುವುದು ಅದರ ಸಾಕ್ಷ್ಯವನ್ನು ಓದುವ ರೀತಿಯ ಬಗ್ಗೆ.

ಈ ಮಾತಿಗೆ ನಿದರ್ಶನ ನಮ್ಮ ಮಾನಸಗಂಗೋತ್ರಿಯಲ್ಲಿಯೇ ಇದೆ. ಹಣ್ಣುನೊಣಗಳಾದ ಡ್ರಾಸೊಫಿಲ ನಸೂಟ ಮತ್ತು ಡ್ರಾಸೊಫಿಲ ಆಲ್ಬೊಮಿಕಾನ್ಸ್‌ಗಳ ಮೇಲೆ ಎಚ್. ಎ. ರಂಗನಾಥ್ ಮತ್ತು ಅವರ ಸಹೋದ್ಯೋಗಿಗಳು ಇಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದರು. ಮೊದಲನೆಯದಕ್ಕೆ 8 ವರ್ಣತಂತುಗಳು, ಎರಡನೆಯದಕ್ಕೆ 6. ಮೂರನೆಯ ವರ್ಣತಂತು ಲಿಂಗ ವರ್ಣತಂತುಗಳೊಡನೆ ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ಮೂರನೆಯ ವರ್ಣತಂತುವಿನ ಒಂದು ಜೀನಿಗೆ ಮಾತ್ರ ತುಣುಕನ್ನು ಬಿಟ್ಟು, ವಿಭಜನೆಯಲ್ಲಿಲ್ಲದ ಕೋಶಗಳನ್ನು ನೋಡಿದರೆ ಎರಡು ನೊಣಗಳಲ್ಲಿಯೂ ಚುಕ್ಕೆಗಳು ಒಂದೇ ತೆರನಾಗಿ ಕಾಣುವುವು. ಅಷ್ಟು ದೊಡ್ಡ ಬೆಸುಗೆ ಕಣ್ಣಿಗೆ ಬೀಳದೆ ಹೋಗುವುದು! ಇಡಿಯ ವರ್ಣತಂತು ಸಮೂಹವನ್ನು ಎಣಿಸಿದವನಿಗೆ ಮಾತ್ರ ಅದು ಕಂಡೀತು.

ರೋಗಿಯ ವಿಷಯದಲ್ಲಿಯೂ ಹೀಗೆಯೇ. ದೀರ್ಘಕಾಲಿಕ ಮೈಲಾಯ್ಡ್ ರಕ್ತಕ್ಯಾನ್ಸರಿನ ಗುರುತಾದ ಪುಟ್ಟ ವರ್ಣತಂತುವನ್ನು 1960ರಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಕಂಡರು; 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾದುದೇ ಅದರ ಮೂಲವೆಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿದರು. ಇಂದು ಕೆಂಪು, ಹಸುರು ಚುಕ್ಕೆಗಳು ಒಂದಾಗಿ ಹಳದಿಯಾಗಿ ಕಂಡರೆ ಆ ಬೆಸುಗೆ ಇದೆಯೆನ್ನುತ್ತಾರೆ. ಆದರೆ ಗಾಜಿನ ಮೇಲೆ ಚಪ್ಪಟೆಯಾದ ಆರೋಗ್ಯವಂತರ ಕೋಶದಲ್ಲಿಯೂ ಎರಡು ಚುಕ್ಕೆಗಳು ಆಕಸ್ಮಿಕವಾಗಿ ಒಂದರ ಮೇಲೊಂದು ಬೀಳಬಹುದು. ಆದ್ದರಿಂದ ಎಷ್ಟು ಕೋಶಗಳನ್ನು ಎಣಿಸಲಾಯಿತು, ಆ ಪ್ರಯೋಗಾಲಯದ ಮಿತಿಯೇನು ಎಂಬುದನ್ನು ಹೇಳದೆ ‘ಇದೆ’ ಎಂದಷ್ಟೇ ಬರೆದ ವರದಿಯನ್ನು ನಾವು ಅಪೂರ್ಣವೆಂದೇ ಎಣಿಸುತ್ತೇವೆ. ಇನ್ನೊಂದು ಮಾತು: ರೋಗ ಉಲ್ಬಣಿಸುವಾಗ 8ನೆಯ ವರ್ಣತಂತು ಒಂದು ಹೆಚ್ಚಾಗಬಹುದು, ಬೆಸುಗೆಯನ್ನು ಮಾತ್ರ ಹುಡುಕುವ ತುಣುಕು ಅದನ್ನು ತಿಳಿಸದು. ಇಮ್ಯಾಟಿನಿಬ್ ಔಷಧಿಗೆ ರೋಗ ಬಗ್ಗದಂತೆ ಮಾಡುವ, ಜೀನಿನೊಳಗಿನ ಒಂದೇ ಅಕ್ಷರದ ಬದಲಾವಣೆಯನ್ನಂತೂ ಅದು ಕಾಣಲಾರದು. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುವ ಸಾಕ್ಷಿ ಇದು.

ಸ್ತನಕ್ಯಾನ್ಸರಿನಲ್ಲಿ ತೊಡಕು ಬೇರೆಯದು. 17ನೆಯ ವರ್ಣತಂತುವಿನ ಹರ್-2 ಜೀನಿನ ಚುಕ್ಕೆಗಳನ್ನು ಅದೇ ವರ್ಣತಂತುವಿನ ನಡುಗಂಟಿನ ಚುಕ್ಕೆಗಳಿಂದ ಭಾಗಿಸುತ್ತಾರೆ. ಟ್ರಾಸ್ಟುಜುಮಾಬ್ ಔಷಧಿಯನ್ನು ಕೊಡಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ 2 ಎಂಬ ಅನುಪಾತಕ್ಕೆ ಬಹಳ ತೂಕವಿದೆ. ತೆಳುವಾಗಿ ಕೊಯ್ದ ಅಂಗಾಂಶದಲ್ಲಿ ಕೋಶಬೀಜಗಳು ತುಂಡಾಗಿ ಕೆಲವು ಚುಕ್ಕೆಗಳು ನಷ್ಟವಾಗುವುದರಿಂದ ಅನುಪಾತವನ್ನು ಹಿಡಿದುದು ಸರಿಯೇ. ಆದರೆ ನಡುಗಂಟೇ ನಷ್ಟವಾಗಿದ್ದರೆ, ಜೀನು ಹೆಚ್ಚದಿದ್ದರೂ ಅನುಪಾತ ಏರುತ್ತದೆ. 2018ರ ಅಮೆರಿಕದ ಮಾರ್ಗಸೂಚಿ ಇಂತಹ ಪ್ರಸಂಗಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕೆಂದುದು ಇದರಿಂದಲೇ. ಭಾಗಲಬ್ಧವೊಂದನ್ನೇ ಕಳುಹಿಸಿದರೆ ವೈದ್ಯರಿಗೆ ಈ ವ್ಯತ್ಯಾಸ ತಿಳಿಯುವ ಬಗೆಯಿಲ್ಲ. ಎರಡು ಎಣಿಕೆಗಳನ್ನೂ ಬೇರೆ ಬೇರೆಯಾಗಿ ವರದಿಯಲ್ಲಿ ಮುದ್ರಿಸಬೇಕು.